ನದಿಗೆ ದಂಡೆಗಳೆರಡು, ಹೊಣೆ ಒಂದೇ

ಹರಿಹರದ ಸೇತುವೆಯ ಮೇಲೆ ನಿಂತವನ ಕಣ್ಣಿಗೆ ತುಂಗಭದ್ರೆ ಒಂದೇ ಅಖಂಡ ಪ್ರವಾಹ. ಆಡಳಿತದ ಕಣ್ಣಿಗೋ ಅವಳು ಬಹುಕಾಲದಿಂದ ಗಡಿರೇಖೆ. 1956ರವರೆಗೆ ಈ ದಡ ಮೈಸೂರಿನದು, ಆ ದಡ ಮುಂಬಯಿಯದು. ಇಂದು ಈ ದಡ ದಾವಣಗೆರೆ ಜಿಲ್ಲೆ, ಆಚೆಯ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕಂಡು ಹೊಯ್ಸಳರ ಕಾಲದಲ್ಲಿ ದೇಗುಲ ಕಟ್ಟಿದ ಊರಿನ ಮುಂದೆಯೇ ನದಿಯನ್ನು ಹೀಗೆ ಎರಡಾಗಿ ಎಣಿಸುವ ಅಭ್ಯಾಸ ನೆಲೆಯೂರಿತು.

ಅದರ ಫಲವೇನೆಂಬುದನ್ನು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಕಥೆ ತಿಳಿಸುತ್ತದೆ. 1970ರ ದಶಕದಲ್ಲಿ ಆರಂಭವಾದ ಈ ಉದ್ಯಮ ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ದ್ರವ್ಯವನ್ನು ತಯಾರಿಸಿತು. ಸಾವಿರಾರು ಮಂದಿಗೆ ಅನ್ನವನ್ನೂ ಕೊಟ್ಟಿತು. ಆದರೆ ಅದರಿಂದ ಹೊರಬಿದ್ದ ಕಲುಷಿತ ನೀರು ಕೆಳಭಾಗದ ಹಳ್ಳಿಗಳನ್ನು ಕಾಡಿದಾಗ, ಮೀನು ಸತ್ತು ತೇಲಿದಾಗ, ಅದು ಕೇವಲ ನೀರಿನ ಪ್ರಶ್ನೆಯೆಂದೇ ಬಹುಮಂದಿ ಬಗೆದರು. ತಿರುಳಿಗೆ ಮರ ಬೇಕು, ಮರಕ್ಕೆ ನೆಲ ಬೇಕು. ಆ ನೆಲಕ್ಕಾಗಿ 1984ರಲ್ಲಿ ಸರ್ಕಾರ ಮತ್ತು ಕಂಪನಿಯ ಜಂಟಿ ಸಂಸ್ಥೆಯಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿ, ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಸಿದ್ಧವಾಯಿತು. ನದಿಯ ಮೀನುಗಾರನ ಸಂಕಟವೂ ಹಾನಗಲ್ಲಿನ ದನಗಾಹಿಯ ಸಂಕಟವೂ ಒಂದೇ ಬೇರಿನ ಎರಡು ಕವಲುಗಳೆಂಬುದು ಆಗ ವ್ಯಕ್ತವಾಯಿತು.

ಈ ಸಂಬಂಧವನ್ನು ಅರಿತವರು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು. ಶಿವರಾಮ ಕಾರಂತರೊಡಗೂಡಿ ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕುದಷ್ಟೇ ಅಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿಯೇ ಜನೋಪಯೋಗಿ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂಬ ಆ ಸತ್ಯಾಗ್ರಹದ ಮಹತ್ತ್ವವೆಲ್ಲ ಎರಡನೆಯ ಪದದಲ್ಲಿ ಅಡಗಿದೆ: ಕೀಳುವುದರಿಂದ ಒಂದು ಯೋಜನೆ ನಿಲ್ಲಬಹುದು, ಆದರೆ ನೆಲಕ್ಕೂ ಜನಕ್ಕೂ ಇದ್ದ ನಂಟು ನೆಡುವುದರಿಂದಲೇ ಮರಳಿ ಕೂಡುತ್ತದೆ. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು.

ಸುಸ್ಥಿರತೆಯ ಸಂಶೋಧಕರು ಇಂದು ಬಿಡಿ ವಸ್ತುಗಳನ್ನಲ್ಲ, ಅವುಗಳ ಪರಸ್ಪರ ಸಂಬಂಧವನ್ನು ಅರಿಯಬೇಕೆಂದೂ, ದೋಷಗಳನ್ನಲ್ಲ, ದೋಷ ಹುಟ್ಟಿಸುವ ವ್ಯವಸ್ಥೆಯನ್ನೇ ತಿದ್ದಬೇಕೆಂದೂ ಪ್ರತಿಪಾದಿಸುತ್ತಾರೆ. ಕುಸನೂರು ಆ ಪಾಠವನ್ನು ಆಚರಿಸಿ ತೋರಿಸಿತು. ಆದರೂ ದಾವಣಗೆರೆಯಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ಭತ್ತದ ಗದ್ದೆಯ ಚಿಂತೆ ಒಂದು ಇಲಾಖೆಯದು, ನಗರದ ಕುಡಿಯುವ ನೀರಿನ ಚಿಂತೆ ಮತ್ತೊಂದರದು, ನದಿ ಸೇರುವ ಕೊಳಚೆಯ ಚಿಂತೆ ಇನ್ನೊಂದರದು ಎಂಬ ವಿಂಗಡಣೆ ಮುಂದುವರಿದಿದೆ.

ಎರಡು ಜಿಲ್ಲೆಗಳ ಅಧಿಕಾರಿಗಳು, ಕಾರ್ಖಾನೆಯವರು, ರೈತರು, ಮೀನುಗಾರರು, ನಗರವಾಸಿಗಳು ನೀರಿನ ಒಂದೇ ಲೆಕ್ಕವನ್ನು ಮುಂದಿಟ್ಟುಕೊಂಡು ಒಂದೇ ಸಭೆಯಲ್ಲಿ ಕೂಡದ ಹೊರತು ತುಂಗಭದ್ರೆಯ ರಕ್ಷಣೆ ಅಸಾಧ್ಯ. ಆ ಸಭೆಯನ್ನು ಕರೆಯುವ ಹೊಣೆ ಸರ್ಕಾರದ್ದು. ಕರೆಯುವಂತೆ ಮಾಡುವ ಹೊಣೆ ಎರಡೂ ದಂಡೆಗಳ ನಮ್ಮದು.