ಗ್ರೈಂಡರ್ ಸವೆಯಲಿ, ಲೆಕ್ಕ ಸವೆಯದಿರಲಿ

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ನಮ್ಮವರು ಹೊಟೇಲ್, ಕ್ಯಾಟರಿಂಗ್, ಝೆರಾಕ್ಸ್ ಅಂಗಡಿ, ಮುದ್ರಣಾಲಯ, ಟೆಂಪೋ ಸಾಗಾಟ ಮುಂತಾದ ಉದ್ಯಮಗಳನ್ನು ಬೆವರು ಸುರಿಸಿ ಕಟ್ಟಿದ್ದಾರೆ. ಗಲ್ಲಾದ ಮುಂದೆ ಕುಳಿತು ದಿನದ ವ್ಯಾಪಾರವನ್ನು ಪೈಸೆ ಪೈಸೆಯಾಗಿ ಲೆಕ್ಕ ಹಾಕುವ ಇವರಲ್ಲಿ ಹಲವರು ಒಂದು ವಿಷಯದಲ್ಲಿ ಮಾತ್ರ ತೀರಾ ಉದಾಸೀನರು. ಅದು ಯಂತ್ರೋಪಕರಣಗಳ ಸವಕಳಿ, ಅಂದರೆ ಡಿಪ್ರಿಸಿಯೇಶನ್. "ಅದೆಲ್ಲ ಸಿ.ಎ. ನೋಡಿಕೊಳ್ಳುತ್ತಾರೆ" ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಆದರೆ ಬಿಲ್ಲೇ ಇಲ್ಲದ ಫ್ರಿಜ್ಜಿಗೆ ಯಾವ ಸಿ.ಎ. ತಾನೇ ಸವಕಳಿ ತೋರಿಸಿಯಾರು?

ಸವಕಳಿ ಎಂದರೆ ಸರಕಾರ ಕೊಡುವ ದಾನವಲ್ಲ. ದುಡಿಮೆಗಾಗಿ ಕೊಂಡ ಯಂತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಆ ಸವೆತವೂ ವ್ಯಾಪಾರದ ಖರ್ಚೇ. ಆದುದರಿಂದ ಲಾಭದಿಂದ ಅದನ್ನು ಕಳೆದು ಉಳಿದುದಕ್ಕೆ ಮಾತ್ರ ತೆರಿಗೆ. ಆದಾಯ ತೆರಿಗೆಯ ನಿಯಮದಂತೆ ಗ್ರೈಂಡರ್, ಫ್ರಿಜ್ಜು, ಝೆರಾಕ್ಸ್ ಯಂತ್ರ ಮುಂತಾದವುಗಳಿಗೆ ಶೇ. 15, ಮೇಜು-ಕುರ್ಚಿ, ಕಪಾಟುಗಳಿಗೆ ಶೇ. 10, ಕಂಪ್ಯೂಟರಿಗೆ ಶೇ. 40 ದರವಿದೆ. ಸ್ವಂತ ವ್ಯಾಪಾರದ ವಾಹನಕ್ಕೆ ಶೇ. 15 ಆದರೆ, ಬಾಡಿಗೆಗೆ ಓಡಿಸುವ ಟೆಂಪೋ, ಟ್ಯಾಕ್ಸಿಗೆ ಶೇ. 30. ಬಾಡಿಗೆ ಜಾಗದಲ್ಲಿ ಹೊಟೇಲ್ ನಡೆಸುವವರು ಅಲ್ಲಿ ಮಾಡಿಸಿದ ನವೀಕರಣ ಕಾಮಗಾರಿಗೂ ಕಟ್ಟಡದ ದರದಲ್ಲಿ ಶೇ. 10 ಸಿಗುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯಿದೆಯನ್ನು ತರಲಾಗಿದ್ದು, ಕಲಮುಗಳ ಸಂಖ್ಯೆ ಬದಲಾದರೂ ಸವಕಳಿ ಲೆಕ್ಕದ ಮೂಲಕ್ರಮವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಲೆಕ್ಕ ಕಷ್ಟದ್ದೇನಲ್ಲ. ಒಂದೇ ದರದ ಒಂದೇ ಬಗೆಯ ಸೊತ್ತುಗಳನ್ನೆಲ್ಲ ಒಂದು ಗುಂಪಾಗಿ ಹಿಡಿಯಬೇಕು. ಒಂದು ಹೊಟೇಲಿನ ಯಂತ್ರಗಳ ಗುಂಪಿನ ಬೆಲೆ ಏಪ್ರಿಲ್ 1ರಂದು ಪುಸ್ತಕದಲ್ಲಿ 2 ಲಕ್ಷ ರೂ. ಇದೆ ಎನ್ನೋಣ. ಜುಲೈಯಲ್ಲಿ 80,000 ರೂ.ಗೆ ಫ್ರಿಜ್ಜು, ಡಿಸೆಂಬರಿನಲ್ಲಿ 40,000 ರೂ.ಗೆ ಗ್ರೈಂಡರ್ ಬಂತು. ಹಳೆಯ ಫ್ರಿಜ್ಜು 20,000 ರೂ.ಗೆ ಹೋಯಿತು. ಕೂಡಿ ಕಳೆದರೆ 3 ಲಕ್ಷ ರೂ. ಇದರಲ್ಲಿ ಡಿಸೆಂಬರಿನ ಗ್ರೈಂಡರ್ ಆ ವರ್ಷ 180 ದಿನ ಬಳಕೆಯಾಗದ ಕಾರಣ ಅದಕ್ಕೆ ಅರ್ಧ ದರ, ಅಂದರೆ ಶೇ. 7.5ರಂತೆ 3,000 ರೂ. ಉಳಿದ 2,60,000 ರೂ.ಗೆ ಶೇ. 15ರಂತೆ 39,000 ರೂ. ಒಟ್ಟು ಸವಕಳಿ 42,000 ರೂ. ಮುಂದಿನ ವರ್ಷದ ಆರಂಭದ ಬೆಲೆ 2,58,000 ರೂ. ಮಾಲಕರು ಶೇ. 20ರ ತೆರಿಗೆ ಹಂತದಲ್ಲಿದ್ದರೆ ಸೆಸ್ ಬಿಟ್ಟು 8,400 ರೂ. ಉಳಿಯಿತು. ಹುಡುಗನೊಬ್ಬನ ಶಾಲಾ ಶುಲ್ಕಕ್ಕೆ ಆದೀತು.

ಇಲ್ಲಿ ದಿನಾಂಕದ ಮಹತ್ವವನ್ನು ಗಮನಿಸಬೇಕು. ಸಾಮಾನ್ಯವಾಗಿ ಅಕ್ಟೋಬರ್ 3ರೊಳಗೆ ಯಂತ್ರ ಖರೀದಿಸಿ ಬಳಸಲಾರಂಭಿಸಿದರೆ ಆ ವರ್ಷವೇ ಪೂರ್ತಿ ದರ. ಖರೀದಿಸಿ ಗೋಡೌನಿನಲ್ಲಿಟ್ಟರೆ ಸಾಲದು, ಕೆಲಸಕ್ಕೆ ಹಚ್ಚಿರಬೇಕು. ಹೇಗೂ ಕೊಳ್ಳಲಿರುವ ಯಂತ್ರವನ್ನು ದೀಪಾವಳಿಯವರೆಗೆ ಕಾಯುವ ಬದಲು ಚೌತಿಯ ಸಮಯಕ್ಕೆ ತಂದರೆ ನಷ್ಟವೇನೂ ಇಲ್ಲ.

ನಮ್ಮವರು ಹೆಚ್ಚಾಗಿ ಎಡವುವುದು ನಗದು ವ್ಯವಹಾರದಲ್ಲಿ. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟು ಸೊತ್ತು ಕೊಂಡರೆ ಆ ಮೊತ್ತ ಸೊತ್ತಿನ ಬೆಲೆಯಲ್ಲಿ ಸೇರುವುದೇ ಇಲ್ಲ. 2017-18ರ ಆರ್ಥಿಕ ವರ್ಷದಿಂದ ಈ ನಿಯಮವಿದೆ. 45,000 ರೂ. ನಗದು ಎಣಿಸಿ ಸೆಕೆಂಡ್ ಹ್ಯಾಂಡ್ ಗ್ರೈಂಡರ್ ತಂದವರಿಗೆ ರಸೀದಿ ಇದ್ದರೂ ಸವಕಳಿ ಸೊನ್ನೆ. ಅಕೌಂಟ್ ಪೇಯಿ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕ ಕೊಟ್ಟಿದ್ದರೆ ಪೂರ್ತಿ ಬೆಲೆಗೆ ಸಿಗುತ್ತಿತ್ತು. ಸಾಲ ಮಾಡಿ ಕೊಂಡ ಯಂತ್ರಕ್ಕೂ ಪೂರ್ತಿ ಬೆಲೆಯ ಮೇಲೆ ಸವಕಳಿ ಉಂಟು, ಕಟ್ಟಿದ ಕಂತಿನ ಮೇಲಲ್ಲ. ಬಡ್ಡಿ ಬೇರೆಯೇ ಖರ್ಚು.

ಜಿಎಸ್‌ಟಿ ವಿಷಯದಲ್ಲೂ ಎಚ್ಚರ ಅಗತ್ಯ. ಇನ್‌ಪುಟ್ ಕ್ರೆಡಿಟ್ ಇಲ್ಲದೆ ಶೇ. 5ರ ಕ್ರಮದಲ್ಲಿ ನಡೆಯುವ ಹೊಟೇಲಿನವರು ಯಂತ್ರಕ್ಕೆ ತೆತ್ತ ಜಿಎಸ್‌ಟಿಯನ್ನು ಬೆಲೆಗೆ ಸೇರಿಸಬಹುದು. ಆದರೆ ಕ್ರೆಡಿಟ್ ಪಡೆಯುವ ಮುದ್ರಣಾಲಯದವರು ಸೇರಿಸುವಂತಿಲ್ಲ. ಒಂದೇ ತೆರಿಗೆಗೆ ಎರಡೂ ಕಡೆ ಲಾಭ ಸಿಗದು.

"ಈ ವರ್ಷ ಲಾಭ ಕಡಿಮೆ, ಸವಕಳಿ ಮುಂದಿನ ವರ್ಷಕ್ಕಿರಲಿ" ಎನ್ನುವವರೂ ಇದ್ದಾರೆ. ಕಾನೂನು ಅದಕ್ಕೆ ಒಪ್ಪುವುದಿಲ್ಲ. ನೀವು ಕೇಳಿದರೂ ಕೇಳದಿದ್ದರೂ ಸವಕಳಿ ಕೊಟ್ಟಂತೆಯೇ ಲೆಕ್ಕ, ಯಂತ್ರದ ಬೆಲೆ ಪುಸ್ತಕದಲ್ಲಿ ಇಳಿದೇ ಇಳಿಯುತ್ತದೆ. ಕ್ರಮವಾಗಿ ತೋರಿಸಿದರೆ, ಲಾಭ ಸಾಲದೆ ಉಳಿದ ಸವಕಳಿಯನ್ನು ವರ್ಷಗಳ ಮಿತಿಯಿಲ್ಲದೆ ಮುಂದಕ್ಕೆ ಒಯ್ಯಬಹುದು. ವ್ಯಾಪಾರದ ಶೇ. 8 ಅಥವಾ ಬ್ಯಾಂಕ್ ಮೂಲಕ ಬಂದ ಹಣದ ಶೇ. 6ರಷ್ಟನ್ನು ಲಾಭವೆಂದು ತೋರಿಸುವ ಅಂದಾಜು ಕ್ರಮದಲ್ಲಿರುವವರಿಗೆ ಪ್ರತ್ಯೇಕ ಸವಕಳಿ ಇಲ್ಲ. ಅಲ್ಲಿಯೂ ಯಂತ್ರದ ಬೆಲೆ ಪ್ರತಿವರ್ಷ ಇಳಿಯುತ್ತಲೇ ಇರುತ್ತದೆ. ಹಾಗಾಗಿ ದೊಡ್ಡ ಮೊತ್ತದ ಯಂತ್ರ ಹಾಕುವ ವರ್ಷ ಯಾವ ಕ್ರಮ ಲಾಭದಾಯಕ ಎಂದು ಮೊದಲೇ ಸಿ.ಎ. ಜತೆ ಕುಳಿತು ನೋಡುವುದೊಳಿತು. ಒಮ್ಮೆ ಅಂದಾಜು ಕ್ರಮ ಬಿಟ್ಟವರಿಗೆ ಐದು ವರ್ಷ ಅದರ ಬಾಗಿಲು ಮುಚ್ಚಬಹುದು ಎಂಬುದೂ ನೆನಪಿರಲಿ.

ಕಂಡಕ್ಟಿಂಗ್ ಮೇಲೆ ಹೊಟೇಲ್ ನಡೆಸುವ ನಮ್ಮ ಯುವಕರ ಪಾಡು ಇನ್ನೂ ಗಂಭೀರ. ಸವಕಳಿ ಸಿಗುವುದು ಯಂತ್ರದ ಮಾಲಕನಿಗೆ. ಊರಿನ ಜಾಗ ಅಡವಿಟ್ಟು ತಂದ ದುಡ್ಡಿನಲ್ಲಿ ಫ್ರಿಜ್ಜು, ಗ್ರೈಂಡರ್ ಹಾಕಿ, ಬಿಲ್ಲನ್ನು ಮಾತ್ರ ಹೊಟೇಲಿನ ಹಳೆಯ ಹೆಸರಿನಲ್ಲಿ ಮಾಡಿಸಿಕೊಂಡರೆ ಸವಕಳಿಯೂ ಇಲ್ಲ, ನಾಳೆ ಕರಾರು ಮುಗಿದಾಗ ಯಂತ್ರ ತನ್ನದೆಂದು ಹೇಳಲು ಆಧಾರವೂ ಇಲ್ಲ. ಬ್ಯಾಂಕಿನ ಕೌಂಟರಿನ ಈಚೆ ಬದಿಯಲ್ಲಿ ಕುಳಿತವರಿಗೆ ಇದರ ಇನ್ನೊಂದು ಮುಖವೂ ಕಾಣುತ್ತದೆ. ವ್ಯಾಪಾರ ಚೆನ್ನಾಗಿದೆ, ದುಡಿಯುವ ಮನುಷ್ಯ ಪ್ರಾಮಾಣಿಕ. ಆದರೆ ಸಾಲದ ಅರ್ಜಿಯೊಂದಿಗೆ ಕೊಟ್ಟ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಯಂತ್ರವೂ ಇಲ್ಲ. ಕಾಗದದಲ್ಲಿ ಇಲ್ಲದ ಸೊತ್ತಿನ ಮೇಲೆ ಬ್ಯಾಂಕು ಸಾಲ ಕೊಡುವುದು ಹೇಗೆ? ಯಜಮಾನರು ಅಕಸ್ಮಾತ್ ತೀರಿಕೊಂಡರೆ ಅವರ ಪತ್ನಿ, ಮಕ್ಕಳು ಪಾಲುದಾರರ ಎದುರು ಏನನ್ನು ತೋರಿಸಿಯಾರು?

ಸಂಘ-ಸಂಸ್ಥೆಗಳೂ ಈ ವಿಷಯದಲ್ಲಿ ತಮ್ಮ ಮನೆಯನ್ನು ನೋಡಿಕೊಳ್ಳಬೇಕಾಗಿದೆ. ಧರ್ಮಾರ್ಥ ಟ್ರಸ್ಟ್ ಆಗಿ ತೆರಿಗೆ ವಿನಾಯಿತಿ ಪಡೆಯುವ ಸಂಸ್ಥೆ, ಕೊಂಡ ಮೈಕ್ ಸೆಟ್, ಕುರ್ಚಿಗಳ ಬೆಲೆಯನ್ನು ಉದ್ದೇಶಕ್ಕಾಗಿ ವಿನಿಯೋಗಿಸಿದ ಆದಾಯವೆಂದು ಒಮ್ಮೆ ತೋರಿಸಿದ ಮೇಲೆ, ಅದೇ ಸೊತ್ತಿಗೆ ಮತ್ತೆ ಸವಕಳಿ ಕೇಳುವಂತಿಲ್ಲ. 2014-15ರ ಆರ್ಥಿಕ ವರ್ಷದಿಂದ ಇದು ಸ್ಪಷ್ಟ. ಕೋಶಾಧಿಕಾರಿಗಳು ಮಹಾಸಭೆಯ ಮುನ್ನ ಇದನ್ನು ಲೆಕ್ಕ ಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳಲಿ.

ನಮ್ಮ ಸಂಘಗಳು ನಡೆಸುವ ಆರೋಗ್ಯ ತಪಾಸಣಾ ಶಿಬಿರ, ವಿದ್ಯಾರ್ಥಿವೇತನ ವಿತರಣೆ, ಯಕ್ಷಗಾನ ಶ್ಲಾಘನೀಯ. ಅವುಗಳ ಜತೆ ವರ್ಷಕ್ಕೊಂದು ಲೆಕ್ಕಪತ್ರ ಶಿಬಿರವೂ ನಡೆಯಲಿ. ಸೆಪ್ಟೆಂಬರಿನ ಒಂದು ಭಾನುವಾರ ಸಾಕು. ಸಮಾಜದಲ್ಲಿ ಸಿ.ಎ.ಗಳಿಗೆ, ನಿವೃತ್ತ ಬ್ಯಾಂಕ್ ನೌಕರರಿಗೆ ಕೊರತೆಯಿಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರೂ ಬೇಕಷ್ಟಿದ್ದಾರೆ. ಅವರ ಎರಡು ಗಂಟೆಗಳ ಸಮಯ ಹತ್ತಾರು ಅಂಗಡಿಗಳ ಲೆಕ್ಕವನ್ನು ಸರಿಪಡಿಸೀತು.

ಸದಸ್ಯರು ಸದ್ಯ ಒಂದು ನೋಟ್ ಪುಸ್ತಕ ತೆರೆದರೂ ಸಾಕು. ಯಂತ್ರದ ಹೆಸರು, ಖರೀದಿಸಿದ ದಿನ, ಬಳಸತೊಡಗಿದ ದಿನ, ಬೆಲೆ, ಜಿಎಸ್‌ಟಿ, ಚೆಕ್ ಸಂಖ್ಯೆ, ಮಾರಿದ ದಿನ ಹಾಗೂ ಮೊತ್ತ ಅದರಲ್ಲಿರಲಿ. ಮಾಸಿ ಹೋಗುವ ಬಿಲ್ಲುಗಳ ಝೆರಾಕ್ಸ್ ಪ್ರತಿ ಜತೆಗಿರಲಿ. ಕಷ್ಟಪಟ್ಟು ಸಂಪಾದಿಸಿದ ಹಣದಲ್ಲಿ ಕಾನೂನುಬದ್ಧವಾಗಿ ಉಳಿಯಬೇಕಾದುದು ನಮ್ಮಲ್ಲೇ ಉಳಿಯಲಿ.