ಶಾಯಿಯಿಲ್ಲದ ಬೆರಳು, ಕಡ್ಡಾಯದ ಮತ

ಆಸ್ಟ್ರೇಲಿಯಾದಲ್ಲಿ ಮತ ಹಾಕಿದವರ ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಗುರುತಿನ ಚೀಟಿಯನ್ನೂ ಕೇಳುವುದಿಲ್ಲ. ಮೇಜಿನ ಹಿಂದೆ ಕುಳಿತ ಸಿಬ್ಬಂದಿ ಕೇಳುವುದು ಮೂರೇ ಪ್ರಶ್ನೆ: ನಿಮ್ಮ ಪೂರ್ಣ ಹೆಸರೇನು, ಎಲ್ಲಿ ವಾಸಿಸುತ್ತೀರಿ, ಈ ಚುನಾವಣೆಯಲ್ಲಿ ಈ ಮೊದಲೇ ಮತ ಹಾಕಿದ್ದೀರಾ? ಉತ್ತರಿಸಿದರೆ ಹಸಿರು ಬಣ್ಣದ ಒಂದು ಚೀಟಿ, ಮೊಣಕೈಯುದ್ದದ ಬಿಳಿಯ ಇನ್ನೊಂದು ಚೀಟಿ ಕೈಗೆ ಬರುತ್ತವೆ. ಮೊದಲನೆಯದು ಪ್ರತಿನಿಧಿ ಸಭೆಗೆ, ಎರಡನೆಯದು ಸೆನೆಟ್‌ಗೆ. ರಟ್ಟಿನ ಮರೆಯಲ್ಲಿ ನಿಂತು ಪೆನ್ಸಿಲಿನಿಂದ ಅಂಕಿ ಬರೆದು ಪೆಟ್ಟಿಗೆಗೆ ಹಾಕಿದರೆ ಕೆಲಸ ಮುಗಿಯಿತು. ಮೈಸೂರಿನಲ್ಲಿ 1937ರಲ್ಲಿ ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರಿಂದ ಭಾರತದ ಮತದಾರರ ಬೆರಳಿಗೆಲ್ಲ ಶಾಯಿ ಒದಗಿಸುತ್ತಿದೆಯೆಂದು ಹೆಮ್ಮೆಪಡುವ ನಾಡಿನಿಂದ ಬಂದವನಿಗೆ, ಹೀಗೆ ಬರಿಬೆರಳಿನಲ್ಲಿ ಹೊರಬರುವುದು ಏನೋ ಅರ್ಧಕ್ಕೆ ಬಿಟ್ಟಂತೆಯೇ ತೋರುತ್ತದೆ.

ನಾನು ಇರುವುದು ಪರ್ತ್ ನಗರದ ಆಗ್ನೇಯಕ್ಕೆ, ಆರ್ಮಡೇಲ್ ನಗರಸಭೆಗೆ ಸೇರಿದ ಪಿಯಾರಾ ವಾಟರ್ಸ್ ಎಂಬ ಹೊಸ ಬಡಾವಣೆಯಲ್ಲಿ. ಇಲ್ಲಿಯೂ ಪಕ್ಕದ ಹ್ಯಾರಿಸ್‌ಡೇಲ್‌ನಲ್ಲಿಯೂ ಭಾರತದಿಂದ ಬಂದ ಕುಟುಂಬಗಳು ಬಹಳ. ಸಂಜೆ ನಡೆಯಲು ಹೊರಟರೆ ಕನ್ನಡ, ತೆಲುಗು, ಪಂಜಾಬಿ, ಗುಜರಾತಿ ಮಾತುಗಳು ಕಿವಿಗೆ ಬೀಳುತ್ತವೆ. ಚುನಾವಣೆ ಬಂದಿತೆಂದರೆ ಊರಿನಿಂದ ಚಿಕ್ಕಪ್ಪನವರ ದೂರವಾಣಿಯೂ ಬರುತ್ತದೆ. ಅವರ ಪ್ರಶ್ನೆ ಪ್ರತಿಸಲವೂ ಒಂದೇ: "ಅಲ್ಲಪ್ಪಾ, ಅಲ್ಲಿ ನಮ್ಮೋರ ಪರವಾಗಿ ಇರೋ ಪಕ್ಷ ಯಾವುದು?" ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರಿಸಲಾರೆ. ಮುಂದೆ ಇಲ್ಲಿಗೆ ಬರಬೇಕೆಂದಿರುವ ತರುಣರೂ ಇದನ್ನೇ ಕೇಳುವುದರಿಂದ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ದೇಶದಲ್ಲಿ ಮತದಾನ ಕಡ್ಡಾಯ. 1922ರ ಚುನಾವಣೆಯಲ್ಲಿ ಶೇ 60ರಷ್ಟು ಜನರೂ ಮತ ಹಾಕಿರಲಿಲ್ಲ. 1924ರಲ್ಲಿ ಸಂಸತ್ತು ಕಾಯಿದೆ ಮಾಡಿತು. 1925ರಲ್ಲಿ ಆ ಪ್ರಮಾಣ ಶೇ 91ಕ್ಕೆ ಏರಿತು. ಬ್ರಿಸ್ಬೇನ್ ರಾಜಧಾನಿಯಾಗಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯವು ಅದಕ್ಕೂ ಮುಂಚೆ, 1915ರಲ್ಲಿಯೇ, ಈ ನಿಯಮವನ್ನು ತಂದಿತ್ತು. ತಕ್ಕ ಕಾರಣವಿಲ್ಲದೆ ಮತ ಹಾಕದವರಿಗೆ ಕೇಂದ್ರ ಚುನಾವಣೆಯಲ್ಲಿ 20 ಡಾಲರ್ ದಂಡ. ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ತೆರುವಷ್ಟೇ ಹಣ; ಆದರೂ ಇಂದಿಗೂ ಹತ್ತರಲ್ಲಿ ಒಂಬತ್ತು ಮಂದಿ ಬರುತ್ತಾರೆ. ದಂಡದ ಭಯಕ್ಕಿಂತ ಅಭ್ಯಾಸವೇ ಅವರನ್ನು ಕರೆತರುತ್ತದೆ ಎಂದು ನನ್ನ ಎಣಿಕೆ. ಮತದಾನ ನಡೆಯುವುದು ಶನಿವಾರ, ಸಾಮಾನ್ಯವಾಗಿ ಶಾಲೆಗಳಲ್ಲಿ. ಶಾಲೆಯ ಪೋಷಕರ ಸಂಘದವರು ಹೊರಗೆ ಒಲೆ ಹೂಡಿ ಸಾಸೇಜ್ ಸುಟ್ಟು ಮಾರುತ್ತಾರೆ. 'ಡೆಮಾಕ್ರಸಿ ಸಾಸೇಜ್' ಎಂಬ ಆ ಹೆಸರು 2016ರಲ್ಲಿ ಇಲ್ಲಿನ ವರ್ಷದ ಪದವೆಂದು ಆಯ್ಕೆಯಾಯಿತು. ನಮ್ಮಂಥ ಸಸ್ಯಾಹಾರಿಗಳಿಗೆ ಬ್ರೆಡ್ಡಿನ ಮೇಲೆ ಬರಿಯ ಈರುಳ್ಳಿ.

ನಮ್ಮ ರಾಜ್ಯದೊಂದಿಗೆ ಹೋಲಿಸಿ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು; ನಮ್ಮಲ್ಲಿ ಅನೇಕರು ಬಿಟ್ಟುಬಂದ ಬೆಂಗಳೂರು ದಕ್ಷಿಣದಲ್ಲಿ ಅದು ಶೇ 53ರ ಆಸುಪಾಸಿನಲ್ಲಿಯೇ ನಿಂತಿತು. ಬೆಂಗಳೂರಿನಲ್ಲಿದ್ದಾಗ ಮತದಾನದ ರಜೆಗೆ ಮಡಿಕೇರಿಗೆ ಹೋಗುತ್ತಿದ್ದ ಪರಿಚಿತರೊಬ್ಬರು ಇಲ್ಲಿ ಬೆಳಗ್ಗೆ ಎಂಟಕ್ಕೇ ಸಾಲಿನಲ್ಲಿ ನಿಂತಿರುತ್ತಾರೆ. ಗುಜರಾತ್ ಸರ್ಕಾರ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇಂಥ ಕಡ್ಡಾಯವನ್ನು ತರಲು ಹೊರಟಿತ್ತು. 2015ರಲ್ಲಿ ಅಲ್ಲಿನ ಹೈಕೋರ್ಟು ಅದಕ್ಕೆ ತಡೆ ನೀಡಿತು. ಮತ ಹಾಕದಿರುವುದೂ ಒಂದು ಹಕ್ಕೇ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಇಲ್ಲಿ ಖಾಲಿ ಚೀಟಿಯನ್ನೇ ಮಡಿಸಿ ಹಾಕಿದರೂ ಯಾರೂ ಕೇಳುವವರಿಲ್ಲ. ಪ್ರತಿಸಲವೂ ಶೇ 5ರ ಆಸುಪಾಸಿನಷ್ಟು ಚೀಟಿಗಳು ಅಸಿಂಧುವಾಗುತ್ತವೆ. ಆದ್ದರಿಂದ ಕಡ್ಡಾಯವೆಂಬುದು ಮತಗಟ್ಟೆಯವರೆಗೆ ಮಾತ್ರ.

ಇದಕ್ಕೆ ಜೊತೆಯಾಗಿ ಇನ್ನೊಂದು ಏರ್ಪಾಡಿದೆ. ಅದನ್ನು ಅರ್ಥ ಮಾಡಿಕೊಳ್ಳದೆ ಇಲ್ಲಿಯ ರಾಜಕೀಯ ತಿಳಿಯುವುದಿಲ್ಲ. ಹಸಿರು ಚೀಟಿಯಲ್ಲಿ ಒಬ್ಬರ ಮುಂದೆ ಗುರುತು ಹಾಕಿ ಬರುವಂತಿಲ್ಲ. ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ನಮ್ಮ ಇಷ್ಟದ ಕ್ರಮವನ್ನು ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಆಯ್ಕೆಗಳು ಬಾರದಿದ್ದರೆ, ಕೊನೆಯವರನ್ನು ಕೈಬಿಟ್ಟು ಅವರ ಚೀಟಿಗಳನ್ನು ಎರಡನೆಯ ಆಯ್ಕೆಯಂತೆ ಹಂಚುತ್ತಾರೆ. ಒಬ್ಬರು ಅರ್ಧ ದಾಟುವವರೆಗೂ ಹೀಗೆಯೇ. 2025ರ ಮೇ 3ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಮೊದಲ ಆಯ್ಕೆಯ ಮತ ದೊರೆತದ್ದು ಸುಮಾರು ಶೇ 35 ಮಾತ್ರ. ಗೆದ್ದದ್ದು 150ರಲ್ಲಿ 94 ಸ್ಥಾನ. ಇದು ಅನ್ಯಾಯವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಇಬ್ಬರಲ್ಲಿ ಒಬ್ಬರನ್ನು ಆರಿಸಿರೆಂದಾಗ ಶೇ 55ರಷ್ಟು ಮತದಾರರು ಲೇಬರ್‌ನ್ನೇ ಮುಂದಿಟ್ಟಿದ್ದರು. ಆ ರಾತ್ರಿ ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಬ್ರಿಸ್ಬೇನ್ ಹೊರವಲಯದ ತಮ್ಮ ಡಿಕ್ಸನ್ ಕ್ಷೇತ್ರವನ್ನೇ ಕಳೆದುಕೊಂಡರು. ಅಡಿಲೇಡಿನಲ್ಲಿ ಅರ್ಧ ಶತಮಾನ ಲಿಬರಲ್ ಪಕ್ಷದ ಕೈಯಲ್ಲಿದ್ದ ಸ್ಟರ್ಟ್ ಕೈಬಿಟ್ಟಿತು. ಪೂರ್ವದ ರಾಜ್ಯಗಳಿಗಿಂತ ನಮ್ಮ ಗಡಿಯಾರ ಎರಡು ತಾಸು ಹಿಂದೆ. ಪರ್ತ್‌ನಲ್ಲಿ ಮತಗಟ್ಟೆ ಮುಚ್ಚುವ ಹೊತ್ತಿಗೆ ಅಲ್ಲಿಯ ಎಣಿಕೆ ಎರಡು ತಾಸು ನಡೆದಿರುತ್ತದೆ. ಪಶ್ಚಿಮದವರ ಹಳೆಯ ಕೊರಗು ಇದು.

ಎಲ್ಲರೂ ಬಂದೇ ಬರುತ್ತಾರೆ, ಎದುರಾಳಿಯ ಬೆಂಬಲಿಗನ ಎರಡನೆಯ ಆಯ್ಕೆಯೂ ತನಗೆ ಬೇಕಾಗಬಹುದು ಎಂದಾದರೆ, ಅಭ್ಯರ್ಥಿಯ ನಾಲಗೆ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗಳ ಊರಿನಲ್ಲಿ ಹೀಗಿಲ್ಲ. ಅಲ್ಲಿ ಕೆಲಸದ ದಿನವಾದ ಮಂಗಳವಾರ ಮತದಾನ; 2024ರಲ್ಲಿ ಮತ ಹಾಕಿದವರು ಮೂರರಲ್ಲಿ ಎರಡು ಪಾಲಿಗೂ ತುಸು ಕಡಿಮೆ. ತನ್ನವರನ್ನು ಮನೆಯಿಂದ ಹೊರಡಿಸುವುದೇ ಅಲ್ಲಿನ ಪಕ್ಷಗಳ ದೊಡ್ಡ ಕೆಲಸ; ಸಿಟ್ಟು, ಭಯಗಳಷ್ಟು ಬೇಗ ಜನರನ್ನು ಹೊರಡಿಸುವ ಸಾಧನ ಬೇರೊಂದಿಲ್ಲ. ಇಲ್ಲಿಯೂ ಸಿಟ್ಟು ಮಾರುವವರು ಇದ್ದಾರೆ. ಆದರೆ ಅದರಿಂದ ಅರ್ಧಕ್ಕಿಂತ ಹೆಚ್ಚು ಮತ ಕೂಡಿಸುವುದು ಕಷ್ಟ.

ಹಾಗೆಂದು ಕಡ್ಡಾಯದ ಮತ ವಿವೇಕವನ್ನೂ ಕಡ್ಡಾಯ ಮಾಡುವುದಿಲ್ಲ. 2023ರ ಅಕ್ಟೋಬರ್ 14ರಂದು ಒಂದು ಜನಮತಗಣನೆ ನಡೆಯಿತು. ಈ ನೆಲದ ಮೂಲನಿವಾಸಿಗಳಿಗೆ ಸಂಸತ್ತಿನ ಮುಂದೆ ತಮ್ಮ ಮಾತನ್ನಿಡುವ ಒಂದು ಸಲಹಾ ಮಂಡಲಿ ಸಂವಿಧಾನದಲ್ಲಿ ಇರಬೇಕೆ ಎಂಬುದು ಪ್ರಶ್ನೆ. ಆರೂ ರಾಜ್ಯಗಳು ಬೇಡವೆಂದವು. ನಮ್ಮ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೇಡವೆಂದವರು ಶೇ 63. ನಮ್ಮ ಸ್ನೇಹಿತರ ಕೂಟಗಳಲ್ಲಿ ಆಗ ಹೆಚ್ಚು ಕೇಳಿಬಂದ ಮಾತು, "ನಮಗೂ ಇದಕ್ಕೂ ಏನು ಸಂಬಂಧ?" ನನಗೆ ಆ ಮಾತು ಹಿಡಿಸಲಿಲ್ಲ. ನಾಲ್ಕು ವರ್ಷ ವಾಸವಿದ್ದು, ಅದರಲ್ಲಿ ಒಂದು ವರ್ಷ ಕಾಯಂ ನಿವಾಸಿಯಾಗಿದ್ದರೆ ನಾವು ಪೌರತ್ವಕ್ಕೆ ಅರ್ಜಿ ಹಾಕಬಹುದು. ಮೂಲನಿವಾಸಿಗಳೆಲ್ಲರಿಗೂ ಕೇಂದ್ರ ಚುನಾವಣೆಯ ಮತ ದೊರೆತದ್ದು 1962ರಲ್ಲಿ. ನಮ್ಮ ದೇಶ ಅಷ್ಟರಲ್ಲಿ ಮೂರನೆಯ ಸಾರ್ವತ್ರಿಕ ಚುನಾವಣೆಯನ್ನು ಮುಗಿಸಿತ್ತು. ನಾವು ಮೀಸಲಾತಿಯ ಬಗೆಗೆ ಊರಿನಲ್ಲಿ ಆಡುತ್ತಿದ್ದ ಮಾತುಗಳನ್ನೇ ಗಂಟು ಕಟ್ಟಿ ತಂದು ಇಲ್ಲಿ ಬಿಚ್ಚಿದ್ದನ್ನು ಅಂದು ಕಂಡೆ.

ಇನ್ನು ಧರ್ಮದ ವಿಚಾರ. ಆಸ್ಟ್ರೇಲಿಯಾದ ಸಂವಿಧಾನದ 116ನೆಯ ವಿಧಿಯಂತೆ ಕೇಂದ್ರವು ಯಾವ ಧರ್ಮವನ್ನೂ ಸ್ಥಾಪಿಸುವ, ಹೇರುವ, ಆಚರಣೆಯನ್ನು ತಡೆಯುವ ಕಾನೂನು ಮಾಡುವಂತಿಲ್ಲ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇಡುವಂತಿಲ್ಲ. ಓದಿದರೆ ಅಮೆರಿಕದ ಸಂವಿಧಾನದ ನೆರಳು ಕಾಣುತ್ತದೆ. ನಡವಳಿಕೆ ಮಾತ್ರ ಬೇರೆ. ಸಂಸತ್ತಿನ ದಿನ ಕ್ರೈಸ್ತ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಗುಡ್ ಫ್ರೈಡೆಗೆ ರಜೆಯುಂಟು, ದೀಪಾವಳಿಗಿಲ್ಲ. ಚರ್ಚ್ ನಡೆಸುವ ಶಾಲೆಗಳಿಗೆ ಸರ್ಕಾರದ ಹಣ ಹೋಗುತ್ತದೆ. ಅದು ತಪ್ಪಲ್ಲವೆಂದು 1981ರಲ್ಲಿ ಇಲ್ಲಿನ ಹೈಕೋರ್ಟು ತೀರ್ಪಿತ್ತಿತು. (ಇಲ್ಲಿ ಹೈಕೋರ್ಟೆಂದರೆ ನಮ್ಮ ಸುಪ್ರೀಂ ಕೋರ್ಟಿನ ಸ್ಥಾನದ್ದು.) ಆದರೂ ದಿನನಿತ್ಯದ ಬದುಕಿನಲ್ಲಿ ಯಾರ ದೇವರು ಯಾರೆಂದು ಕೇಳುವವರು ಅಪರೂಪ. 2021ರ ಜನಗಣತಿಯಲ್ಲಿ ಶೇ 44ರಷ್ಟು ಜನ ಕ್ರೈಸ್ತರೆಂದೂ, ಸುಮಾರು ಶೇ 39 ಜನ ಯಾವ ಧರ್ಮವೂ ಇಲ್ಲವೆಂದೂ ಬರೆಸಿದರು. ಹಿಂದೂಗಳು ಶೇ 2.7.

ಅಡಿಲೇಡಿನಲ್ಲಿ ಬೆಳೆದ ಜೂಲಿಯಾ ಗಿಲಾರ್ಡ್ ತಾವು ನಾಸ್ತಿಕರೆಂದು ಮುಚ್ಚುಮರೆಯಿಲ್ಲದೆ ಹೇಳಿ 2010ರಿಂದ 2013ರವರೆಗೆ ಪ್ರಧಾನಿಯಾಗಿದ್ದರು. ನಮ್ಮ ಪರ್ತ್‌ನ ವರುಣ್ ಘೋಷ್ 2024ರಲ್ಲಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಸೆನೆಟರ್ ಆಗಿ ಪ್ರಮಾಣ ಮಾಡಿದರು. ಆ ಸಭೆಯಲ್ಲಿ ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಇದೇ ರಾಜ್ಯದ ಫಾತಿಮಾ ಪೇಮನ್ ಹಿಜಾಬ್ ಧರಿಸಿ ಸೆನೆಟ್‌ನಲ್ಲಿ ಕುಳಿತ ಮೊದಲ ಮಹಿಳೆ; ಪ್ಯಾಲೆಸ್ಟೈನ್ ವಿಷಯದಲ್ಲಿ ಪಕ್ಷದ ವಿರುದ್ಧ ಮತ ಹಾಕಿ 2024ರ ಜುಲೈಯಲ್ಲಿ ಲೇಬರ್ ತೊರೆದರು. ಚಿಕ್ಕಪ್ಪನವರಿಗೆ ಗೀತೆಯ ಸುದ್ದಿ ಹೇಳಿದಾಗ ಸಂತೋಷವಾಯಿತು. ಹಿಜಾಬಿನ ಸುದ್ದಿಗೆ "ಹೂಂ" ಎಂದರು. ಎರಡನ್ನೂ ಒಳಗೆ ಬಿಟ್ಟ ಬಾಗಿಲು ಒಂದೇ ಎಂದು ನಾನು ವಾದಿಸಿದೆ. ಅವರು ಮಳೆಯ ಮಾತಿಗೆ ತಿರುಗಿದರು.

ಪೌರತ್ವದ ಪ್ರತಿಜ್ಞೆಯಲ್ಲಿಯೂ ಇದೇ ಔದಾರ್ಯವಿದೆ. ಅದಕ್ಕೆ ಎರಡು ಪಾಠಗಳಿವೆ: ಒಂದರಲ್ಲಿ ದೇವರ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಯಾವುದನ್ನು ಹೇಳಬೇಕೆಂಬುದು ಪ್ರತಿಜ್ಞೆ ಮಾಡುವವರಿಗೆ ಬಿಟ್ಟದ್ದು. ನಗರಸಭೆಗಳು ಈ ಸಮಾರಂಭವನ್ನು ಬಹಳವಾಗಿ ಜನವರಿ 26ರಂದು ನಡೆಸುತ್ತವೆ. ನಮಗದು ಗಣರಾಜ್ಯೋತ್ಸವ, ಇಲ್ಲಿಯ ಮೂಲನಿವಾಸಿಗಳಿಗೆ 1788ರ ಆಕ್ರಮಣದ ನೆನಪಿನ ದಿನ. ಒಂದೇ ತಾರೀಖಿಗೆ ಮೂರು ಅರ್ಥ.

ಈಗ ಚಿಕ್ಕಪ್ಪನವರ ಪ್ರಶ್ನೆಗೆ ಬರುತ್ತೇನೆ. 2025ರ ಆಗಸ್ಟ್ 31ರಂದು ಪರ್ತ್, ಬ್ರಿಸ್ಬೇನ್, ಅಡಿಲೇಡ್ ಸೇರಿದಂತೆ ಹಲವು ನಗರಗಳಲ್ಲಿ ವಲಸೆಯ ವಿರುದ್ಧ ಮೆರವಣಿಗೆಗಳು ನಡೆದವು. ಅವುಗಳ ಕರಪತ್ರದಲ್ಲಿ ಭಾರತೀಯರ ಹೆಸರನ್ನೇ ಎತ್ತಲಾಗಿತ್ತು. ಅದಾದ ಕೆಲವೇ ದಿನಗಳಲ್ಲಿ ಸೆನೆಟರ್ ಜಸಿಂಟಾ ನಾಂಪಿಜಿನ್ಪಾ ಪ್ರೈಸ್ ಸಂದರ್ಶನವೊಂದರಲ್ಲಿ, ಲೇಬರ್ ಸರ್ಕಾರವು ತನಗೆ ಮತ ಹಾಕುವರೆಂದೇ ಭಾರತೀಯರನ್ನು ಹೆಚ್ಚಾಗಿ ಬರಮಾಡಿಕೊಳ್ಳುತ್ತಿದೆ ಎಂಬರ್ಥದ ಮಾತಾಡಿದರು. ಕ್ಷಮೆ ಕೇಳಲು ಒಪ್ಪಲಿಲ್ಲ, ಪಕ್ಷದ ನಾಯಕಿಗೆ ಬೆಂಬಲವನ್ನೂ ಸ್ಪಷ್ಟವಾಗಿ ಸೂಚಿಸಲಿಲ್ಲ. ಛಾಯಾ ಸಚಿವ ಸ್ಥಾನ ಹೋಯಿತು. ಅಂದಿನ ವಿರೋಧ ಪಕ್ಷದ ನಾಯಕಿ ಸೂಸನ್ ಲೇ ಭಾರತೀಯ ಸಮುದಾಯದ ಕ್ಷಮೆ ಯಾಚಿಸಿದರು.

ಆ ವಾರ ನಮ್ಮ ಬಡಾವಣೆಯಲ್ಲಿ ಮಾತು ತಗ್ಗಿತ್ತು. ಮಕ್ಕಳನ್ನು ಉದ್ಯಾನಕ್ಕೆ ಒಂಟಿಯಾಗಿ ಕಳುಹಿಸಲು ಕೆಲವರು ಹಿಂಜರಿದರು. ನನಗೆ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ವೀಸಾದ ಮೇಲೆ ಬಂದವನಿಗೆ, ಕಾಯಂ ನಿವಾಸಿಗೆ ಇಲ್ಲಿ ಮತವೇ ಇಲ್ಲ. ತೆರಿಗೆ ಮಾತ್ರ ಉಂಟು. ಮತ ಬರುವುದು ಪೌರತ್ವದ ನಂತರ. ಆ ಹೊತ್ತಿಗೆ ಅವನಿಗೆ ಮನೆಸಾಲದ ಬಡ್ಡಿ, ಆಸ್ಪತ್ರೆಯ ಸರದಿ, ಶಾಲೆಯ ಪ್ರವೇಶ ಇವೇ ಚಿಂತೆ. ನೆರೆಮನೆಯ ಆಸ್ಟ್ರೇಲಿಯನ್ನನಿಗೂ ಚಿಂತೆ ಇವೇ. ಭಾರತದಲ್ಲಿ ಹುಟ್ಟಿದ 6.73 ಲಕ್ಷ ಜನರನ್ನು 2021ರ ಗಣತಿ ಲೆಕ್ಕ ಹಾಕಿತು. ಅವರನ್ನೆಲ್ಲ ಒಂದೇ ಮೂಟೆಯಾಗಿ ಕಟ್ಟಬಹುದೆಂದು ಭಾವಿಸಿದ ಸೆನೆಟರ್‌ಗೂ, 'ನಮ್ಮವರ ಪಕ್ಷ' ಯಾವುದೆಂದು ಕೇಳುವ ನಮ್ಮ ಹಿರಿಯರಿಗೂ ನಡುವೆ ಅಂತರ ನಾವೆಣಿಸುವಷ್ಟಿಲ್ಲ. ದೇವಾಲಯದ ಜಗಲಿಯಲ್ಲಿ ಅಭ್ಯರ್ಥಿಗೆ ಶಾಲು ಹೊದಿಸಿ, ಹಾರ ಹಾಕಿ, ಸಮುದಾಯದ ಮತಗಳ ಮಾತಾಡುವ ನಮ್ಮ ಕೆಲವು ಸಂಘಟಕರೂ ಅದೇ ಮೂಟೆಯನ್ನು ತಾವೇ ಕಟ್ಟಿಕೊಡುತ್ತಿದ್ದಾರೆ. ಚುನಾವಣೆಯ ಮುಂಚಿನ ಆ ಶಾಲುಗಳನ್ನು ನಿಲ್ಲಿಸಬೇಕೆಂದು ನಾನು ಸಭೆಯಲ್ಲಿ ಹೇಳಿದ್ದೇನೆ, ಇನ್ನೂ ನಿಂತಿಲ್ಲ.

ಬರಲಿರುವ ತರುಣರಿಗೆ ತಿಳಿದಿರಬೇಕಾದ ಕಹಿಯೊಂದಿದೆ. ಆಸ್ಟ್ರೇಲಿಯಾ 2002ರಿಂದ ಇಬ್ಬಗೆಯ ಪೌರತ್ವಕ್ಕೆ ಅಡ್ಡಿಪಡಿಸುವುದಿಲ್ಲ, ಭಾರತ ಒಪ್ಪುವುದಿಲ್ಲ. ಇಲ್ಲಿ ಪ್ರತಿಜ್ಞೆ ಮಾಡಿದ ಕ್ಷಣ ಅಲ್ಲಿಯ ಪೌರತ್ವ ಹೋಗುತ್ತದೆ, ಜೊತೆಗೆ ಮತವೂ. ಓಸಿಐ ಕಾರ್ಡಿನಿಂದ ಊರಿಗೆ ಹೋಗಿ ಬರಬಹುದು, ಮತ ಹಾಕಲಾಗದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ನಮೂನೆ 6ಎ ಸಲ್ಲಿಸಿ ಸಾಗರೋತ್ತರ ಮತದಾರರಾಗಬಹುದು. ಆದರೆ ಸ್ವತಃ ಊರಿನ ಮತಗಟ್ಟೆಗೇ ಹೋಗಬೇಕು.

ನಮ್ಮ ಮನೆಯಲ್ಲಿ ಈ ಕಹಿ ಎರಡು ಪಾಲಾಗಿದೆ. ನಾನು ಇಲ್ಲಿಯ ಪ್ರಜೆಯಾದೆ. ಹೆಂಡತಿ ಕಾಯಂ ನಿವಾಸಿಯಾಗಿಯೇ ಉಳಿದಿದ್ದಾಳೆ; "ಒಬ್ಬರಾದರೂ ಅಲ್ಲಿಯ ಲೆಕ್ಕದಲ್ಲಿರಲಿ" ಎಂಬುದು ಅವಳ ಮಾತು. ಕರ್ನಾಟಕ ವಿಧಾನಸಭೆಯ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ಇಲ್ಲಿಯ ಮುಂದಿನ ಕೇಂದ್ರ ಚುನಾವಣೆಯೂ ಅಷ್ಟರೊಳಗೆ ಆಗಲೇಬೇಕು. ಅವಳು ನಮೂನೆ 6ಎ ತುಂಬಿ ಕಳುಹಿಸಿದ್ದಾಳೆ. ಏಪ್ರಿಲ್–ಮೇ ತಿಂಗಳ ವಿಮಾನದ ದರ ಎಷ್ಟಿರಬಹುದೆಂಬ ಲೆಕ್ಕ ಈಗಲೇ ಆರಂಭವಾಗಿದೆ.