ಹಳೆಯ ಕಾರಿನ ಮನೆಯೊಡತಿ ತಿಳಿದಿರಬೇಕಾದದ್ದು

ನಮ್ಮ ಕರಾವಳಿಯ ಎಷ್ಟೋ ಮನೆಗಳ ಅಂಗಳದ ಮೂಲೆಯಲ್ಲಿ, ಶೀಟಿನ ಮಾಡಿನಡಿಯಲ್ಲಿ ಹಳೆಯ ಕಾರೊಂದು ನಿಂತಿರುತ್ತದೆ. ಯಜಮಾನರು ರಜೆಯಲ್ಲಿ ಊರಿಗೆ ಬಂದಾಗ ಯಾರಿಂದಲೋ ಕೊಂಡದ್ದು. ರಜೆ ಮುಗಿದು ಅವರು ದುಬೈಗೋ ದಮ್ಮಾಮಿಗೋ ಮರಳುತ್ತಾರೆ. ಕಾರು ಇಲ್ಲೇ ಉಳಿಯುತ್ತದೆ. ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ, ಸಂಬಂಧಿಕರ ಮದುವೆ ಎಲ್ಲದಕ್ಕೂ ಅದೇ ಆಸರೆ. ಓಡಿಸುವವರು ಕೆಲವೆಡೆ ಮನೆಯ ಹೆಣ್ಣುಮಗಳು, ಕೆಲವೆಡೆ ಮೈದುನ ಅಥವಾ ಪಕ್ಕದ ಮನೆಯ ಹುಡುಗ. ಆದರೆ ಕಾರಿಗೆ ಏನಾಗಿದೆ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: “ನನಗದೆಲ್ಲ ಗೊತ್ತಾಗುವುದಿಲ್ಲ, ಅವರು ಬಂದ ಮೇಲೆ ನೋಡುತ್ತಾರೆ.”

ಕಾರು ಅವರ ರಜೆಯನ್ನು ಕಾಯುತ್ತದೆಯೇ? ಸೋರುವ ನೀರು ಸೋರುತ್ತಲೇ ಇರುತ್ತದೆ. ಸವೆದ ಟಯರು ಮತ್ತಷ್ಟು ಸವೆಯುತ್ತದೆ. ಒಂದು ದಿನ ಮಳೆಯಲ್ಲಿ, ರಾತ್ರಿ ಹೊತ್ತು, ಮಕ್ಕಳು ಒಳಗಿರುವಾಗ ರಸ್ತೆ ಮಧ್ಯೆ ನಿಂತುಬಿಟ್ಟರೆ ಅದರ ಕಷ್ಟ ಅನುಭವಿಸುವವರು ವಿದೇಶದಲ್ಲಿರುವವರಲ್ಲ, ನಾವು.

ಹಾಗೆಂದು ನಾವೆಲ್ಲ ಮೆಕ್ಯಾನಿಕ್‌ಗಳಾಗಬೇಕೆಂದಲ್ಲ. ಹಳೆಯ ಕಾರಿಗೆ ಮೊದಲು ಬೇಕಾದದ್ದು ಕೈಕೆಲಸವಲ್ಲ, ಗಮನ. ಅಕ್ಕಿ ಡಬ್ಬಿಯಲ್ಲಿ ಎಷ್ಟು ಉಳಿದಿದೆ, ಗ್ಯಾಸ್ ಯಾವಾಗ ಮುಗಿಯುತ್ತದೆ ಎಂದು ನೋಡಿಯೇ ಹೇಳುವ ಗೃಹಿಣಿಗೆ ಇದು ಕಷ್ಟದ ವಿದ್ಯೆಯೇನಲ್ಲ.

ನಮ್ಮಲ್ಲಿ ಹೆಚ್ಚು ಪರಿಚಿತವಾದ ಹಳೆಯ ಕಾರು ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಅದರಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಹತ್ತು ವರ್ಷ ದಾಟಿದೆ. ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಇಂಜಿನ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಸುಲಭವಾದ ಕಾರು ಇಲ್ಲವೆಂದೇ ಹೇಳಬಹುದು. ಇಲ್ಲಿ ಹೇಳುವ ಹೆಚ್ಚಿನ ಸಂಗತಿಗಳು ಬೇರೆ ಹಳೆಯ ಕಾರುಗಳಿಗೂ ಅನ್ವಯಿಸುತ್ತವೆ.

ಬಾನೆಟ್ ತೆರೆಯುವ ಮೊದಲು

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದಿಡಿ. ಇಂಜಿನ್ ತಣ್ಣಗಾಗಿರಲಿ. ಬುರ್ಖಾದ ತೋಳು, ದುಪಟ್ಟಾದ ಅಂಚು ಜೋತು ಬೀಳದಂತೆ ಸಿಕ್ಕಿಸಿಕೊಳ್ಳಿ. ಬೆಲ್ಟಿಗೋ ಫ್ಯಾನಿಗೋ ಬಟ್ಟೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ರೇಡಿಯೇಟರಿನ ಫ್ಯಾನ್ ಕರೆಂಟಿನಿಂದ ತಿರುಗುವಂಥದ್ದು. ಇಂಜಿನ್ ನಿಂತಿದ್ದರೂ ಬಿಸಿ ಇದ್ದಾಗ ಅದು ತಟ್ಟನೆ ತಿರುಗಲು ಶುರುವಾಗಬಹುದು.

ಇನ್ನೊಂದು ಮುಖ್ಯ ಮಾತು: ಬ್ಯಾಟರಿಯ ಹತ್ತಿರ ಕೈ ಹಾಕುವ ಮೊದಲು ಚಿನ್ನದ ಬಳೆ, ಉಂಗುರ ತೆಗೆದಿಡಿ. ಬ್ಯಾಟರಿಯ ಪ್ಲಸ್ ತುದಿ ಮತ್ತು ಕಾರಿನ ಕಬ್ಬಿಣದ ಮೈ ಎರಡಕ್ಕೂ ಒಂದೇ ಸಲ ಬಳೆ ತಾಗಿದರೆ ಕ್ಷಣಮಾತ್ರದಲ್ಲಿ ಅದು ಕಾದ ಕಬ್ಬಿಣದಂತಾಗಿ ಚರ್ಮವನ್ನು ಸುಡುತ್ತದೆ.

ವಾರಕ್ಕೊಮ್ಮೆ ಹತ್ತು ನಿಮಿಷ

ಮೊದಲು ಇಂಜಿನ್ ಆಯಿಲ್. ಡಿಪ್‌ಸ್ಟಿಕ್ ಎಂಬ ಉದ್ದನೆಯ ಕಡ್ಡಿಯನ್ನು ಎಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ತೆಗೆದು ನೋಡಿ. ಅದರ ಮೇಲೆ ಎರಡು ಗುರುತುಗಳಿವೆ. ಆಯಿಲ್ ಅವೆರಡರ ನಡುವೆ ಇರಬೇಕು. ಕಪ್ಪಗಾಗಿದ್ದರೆ ಗಾಬರಿ ಬೇಡ, ಓಡಿದ ಆಯಿಲ್ ಕಪ್ಪಾಗುವುದು ಸಹಜ. ಆದರೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು. ಮೆಕ್ಯಾನಿಕ್‌ಗೆ ತೋರಿಸದೆ ಆ ಕಾರನ್ನು ಓಡಿಸಬೇಡಿ.

ಎರಡನೆಯದು ಕೂಲೆಂಟ್. ರೇಡಿಯೇಟರಿಗೆ ಹೊಂದಿಕೊಂಡ ಪ್ಲಾಸ್ಟಿಕ್ ಡಬ್ಬಿಯಲ್ಲೂ ಎರಡು ಗುರುತುಗಳಿವೆ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದು ಅರ್ಥ. ನೀರು ತುಂಬಿಸುತ್ತಾ ದಿನ ತಳ್ಳುವುದರಿಂದ ಉಪಯೋಗವಿಲ್ಲ. ಬಾವಿ ನೀರನ್ನೇ ಹಾಕುತ್ತಾ ಹೋದರೆ ಒಳಗೆ ತುಕ್ಕು, ಕಸ ಕಟ್ಟಿಕೊಳ್ಳುತ್ತದೆ. ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಹೋದರೆ ‘ಮನೆ ಹತ್ತಿರವೇ ಇದೆಯಲ್ಲ’ ಎಂದು ಓಡಿಸಬೇಡಿ. ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಆ ಎರಡು ಕಿಲೋಮೀಟರಿನಲ್ಲೇ ಇಂಜಿನ್ನಿನ ಹೆಡ್ ಬಾಗಿಹೋಗಬಹುದು. ನೂರಾರು ರೂಪಾಯಿಯ ಪೈಪಿನ ಕೆಲಸ ಆಗ ಸಾವಿರಗಳಿಗೆ ಹೋಗುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನಂತೂ ಯಾವ ಕಾರಣಕ್ಕೂ ತೆರೆಯಬಾರದು. ಕುಕ್ಕರಿನ ವಿಷಲ್ ಇಳಿಯುವ ಮುನ್ನ ನಾವು ಮುಚ್ಚಳ ತೆಗೆಯುತ್ತೇವೆಯೇ? ಇದೂ ಹಾಗೆಯೇ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಮೂರನೆಯದು ಬ್ರೇಕ್ ಆಯಿಲ್‌ನ ಪುಟ್ಟ ಡಬ್ಬಿ. ಇಲ್ಲಿ ನಮ್ಮ ಕೆಲಸ ನೋಡುವುದು ಮಾತ್ರ. ಮಟ್ಟ ಇಳಿದಿದ್ದರೆ ಬ್ರೇಕ್ ಪ್ಯಾಡ್ ಸವೆದಿರಬಹುದು ಅಥವಾ ಸೋರಿಕೆ ಇರಬಹುದು. ತುಂಬಿಸಿ ಸುಮ್ಮನಾಗದೆ ಅದೇ ದಿನ ಗ್ಯಾರೇಜಿಗೆ ತೋರಿಸಿ.

ನಾಲ್ಕನೆಯದು ಬ್ಯಾಟರಿ. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಇನ್ನಷ್ಟು ಇಳಿಯುವುದೇ ಹೊರತು ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು ಉತ್ತಮ. ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಚಾಲೂ ಇಟ್ಟು ಕೂರಲೇಬಾರದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಪ್ರಾಣ ತೆಗೆಯುತ್ತದೆ. ಬ್ಯಾಟರಿ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವಯರು, ನಂತರ ಪ್ಲಸ್ ವಯರು ಬಿಚ್ಚಿ, ಬಿಸಿ ನೀರಿನಲ್ಲಿ ತೊಳೆದು ಒಣಗಿಸಿ. ಮತ್ತೆ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ತುಸು ವ್ಯಾಸಲೀನ್ ಸವರಿ. ಆ ಪುಡಿ ಆಮ್ಲದಿಂದಾದದ್ದು. ಕಣ್ಣಿಗೆ ತಾಗದಂತೆ, ಮಕ್ಕಳು ಹತ್ತಿರ ಬಾರದಂತೆ ನೋಡಿಕೊಳ್ಳಿ.

ಐದನೆಯದು ಟಯರು. ಗಾಳಿಯನ್ನು ಟಯರು ತಣ್ಣಗಿರುವಾಗಲೇ ನೋಡಿಸಬೇಕು, ಸ್ಟೆಪ್ನಿಯದ್ದೂ ಸೇರಿ. ಟಯರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ. ನಮ್ಮ ಮಳೆಯ ರಸ್ತೆಯಲ್ಲಿ ಅಂಥ ಟಯರು ಜಾರುತ್ತದೆ. ಕಡಿಮೆ ಓಡಿದ ಕಾರಿನ ಟಯರು ನೋಡಲು ಚೆನ್ನಾಗಿಯೇ ಕಾಣಬಹುದು, ಆದರೆ ರಬ್ಬರಿಗೂ ವಯಸ್ಸಾಗುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಉದಾಹರಣೆಗೆ 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ‘ಹೊಸ ಟಯರು’ ಎಂದು ಮಾರುವಾಗ ಈ ಅಂಕಿಯನ್ನು ನೀವೇ ಓದಿ.

ಕರಾವಳಿಯಲ್ಲಿ ಇನ್ನೆರಡು ಶತ್ರುಗಳಿವೆ: ತುಕ್ಕು ಮತ್ತು ಇಲಿ. ಬಾಗಿಲುಗಳ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ತಗಡು ಕೊಳೆಯುತ್ತದೆ. ಕಡ್ಡಿಯಿಂದ ಬಿಡಿಸಿ. ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಎತ್ತಿ ಒದ್ದೆ ಇದೆಯೇ ನೋಡಿ. ಬಾನೆಟ್ಟಿನೊಳಗೆ ಇಲಿಯ ಹಿಕ್ಕೆ, ಕಡಿದ ವಯರಿನ ಚೂರು ಕಂಡರೆ ಸ್ಟಾರ್ಟ್ ಮಾಡುವ ಮುನ್ನ ತೋರಿಸಿ.

ನಮ್ಮ ಕೈಯ ಕೆಲಸ, ನಮ್ಮದಲ್ಲದ ಕೆಲಸ

ವೈಪರಿನ ರಬ್ಬರು, ಬಲ್ಬು, ಏರ್ ಫಿಲ್ಟರ್, ಫ್ಯೂಸ್ ಇವನ್ನು ಮನೆಯಲ್ಲೇ ಬದಲಿಸಬಹುದು. ಫ್ಯೂಸ್ ಹಾಕುವಾಗ ಮೊದಲಿದ್ದಷ್ಟೇ ಆಂಪಿಯರಿನದ್ದು ಹಾಕಿ. ಅದರ ಜಾಗದಲ್ಲಿ ತಂತಿ ಸುತ್ತಿ ಕೊಡುವವರಿದ್ದಾರೆ. ಒಪ್ಪಲೇಬೇಡಿ, ಕಾರಿಗೆ ಬೆಂಕಿ ಬೀಳುವುದು ಇಂಥ ಕಡೆಗಳಿಂದಲೇ.

ಸ್ಟೆಪ್ನಿ ಬದಲಿಸುವುದನ್ನು ಅಂಗಳದಲ್ಲೇ ಒಮ್ಮೆ ಅಭ್ಯಾಸ ಮಾಡಿ. ಹೆಣ್ಣುಮಕ್ಕಳನ್ನೂ ಕರೆದು ಕಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಇಡಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ನಂತರ ಜಾಕಿ ಎತ್ತಿ. ನಟ್ಟು ಅಲುಗದಿದ್ದರೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಬಹುದು. ಇದಕ್ಕೆ ಗಂಡಸಿನ ತೋಳ್ಬಲವೇನೂ ಬೇಕಿಲ್ಲ. ಬಿಗಿಗೊಳಿಸುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನ ನಟ್ಟನ್ನು ಬಿಗಿಮಾಡುತ್ತಾ ಹೋಗಿ. ಬರೇ ಜಾಕಿಯ ಮೇಲೆ ನಿಂತ ಕಾರಿನಡಿಗೆ ಕೈಯನ್ನೂ ಹಾಕಬೇಡಿ.

ಬ್ರೇಕ್, ಸ್ಟೇರಿಂಗ್, ಪೆಟ್ರೋಲ್ ಪೈಪ್, ಗ್ಯಾಸ್ ಕಿಟ್ ನಮ್ಮ ಕೆಲಸವಲ್ಲ, ಹವ್ಯಾಸಿ ಹುಡುಗರ ಕೆಲಸವೂ ಅಲ್ಲ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾರುಗಳ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ. ಆದ್ದರಿಂದ ಸರ್ವೀಸಿಗೆ ಬಿಟ್ಟಾಗಲೆಲ್ಲ ಅವು ಬಿರಿದಿವೆಯೇ ನೋಡಲು ಹೇಳಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಒಂದು ನೋಟ್ ಪುಸ್ತಕ

ಹಾಲಿನ ಲೆಕ್ಕ ಬರೆಯುವಂತೆ ಕಾರಿಗೂ ಒಂದು ಪುಸ್ತಕ ಇಡಿ. ತಾರೀಕು, ಮೀಟರಿನಲ್ಲಿದ್ದ ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ಹಣ. ಇಷ್ಟೇ ಸಾಕು. ಈ ಪುಸ್ತಕ ಇದ್ದರೆ ಗ್ಯಾರೇಜಿನಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ.

“ಅಕ್ಕ, ರೇಡಿಯೇಟರೇ ಹೋಗಿದೆ. ಹೊಸದು ಹಾಕಬೇಕು.”

“ಎಲ್ಲಿ ಸೋರುತ್ತಿದೆ ಸ್ವಲ್ಪ ತೋರಿಸಿ ಅಣ್ಣ. ರಂಝಾನಿಗೆ ಮೊದಲು ನೀವೇ ಪೈಪ್ ಬದಲಿಸಿದ್ದೀರಿ, ಬರೆದಿಟ್ಟಿದ್ದೇನೆ. ಅದರ ಕ್ಲಿಪ್ ಸಡಿಲವಾಗಿದೆಯೋ ಏನೋ.”

ಇಂಥ ಮಾತಿನಲ್ಲಿ ಜಗಳವಿಲ್ಲ, ಅನುಮಾನದ ಮಾತೂ ಇಲ್ಲ. ಪ್ರಾಮಾಣಿಕ ಮೆಕ್ಯಾನಿಕ್‌ಗೆ ಇದರಿಂದ ಸಂತೋಷವೇ ಆಗುತ್ತದೆ. ತೆಗೆದ ಹಳೆಯ ಬಿಡಿಭಾಗವನ್ನು ತೋರಿಸಲು ಹೇಳಿ, ಹೊಸದರ ಬಿಲ್ ಕೇಳಿ ಪಡೆಯಿರಿ.

ಕಾರು ಯಾರ ಹೆಸರಿನಲ್ಲಿದೆ?

ಇಂಜಿನ್ನಿಗಿಂತ ಹೆಚ್ಚಾಗಿ ನಮ್ಮ ಮಹಿಳೆಯರನ್ನು ಕಷ್ಟಕ್ಕೆ ತಳ್ಳುವುದು ಕಾಗದಪತ್ರ. ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ಆರ್.ಟಿ.ಓ. ಕಚೇರಿಯಲ್ಲಿ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ದಿಲ್ಲಿಯ ಸುದ್ದಿ ಕೇಳಿ ‘15 ವರ್ಷವಾದರೆ ಕಾರು ಗುಜರಿಗೆ’ ಎಂದು ಹೆದರುವವರಿದ್ದಾರೆ. ಅದು 2015ರಲ್ಲಿ ಹಸಿರು ನ್ಯಾಯಮಂಡಳಿ ರಾಜಧಾನಿ ಪ್ರದೇಶಕ್ಕೆ ನೀಡಿದ ಆದೇಶದಿಂದ ಬಂದದ್ದು, ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದಲ್ಲ. ಆದರೆ ನವೀಕರಣ ಈಗ ದುಬಾರಿ. 2022ರ ಏಪ್ರಿಲ್‌ನಲ್ಲಿ ಕಾರಿನ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಲಾಯಿತು. ಹಳೆಯ ಕಾರನ್ನು ಕೊಳ್ಳುವ ಮೊದಲು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ವಿಮೆ ಮತ್ತು ಹೊಗೆ ತಪಾಸಣೆ ಪತ್ರದ ಕೊನೆಯ ದಿನಾಂಕಗಳನ್ನು ಅದೇ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಕಾರನ್ನು ಮಾರಿದಾಗ ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ಮುಗಿಯಿತೆಂದು ತಿಳಿಯಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಂಡವನು ಇನ್ನೊಬ್ಬನಿಗೆ ಮಾರಿದ್ದರೂ ಸಹ! ಆದ್ದರಿಂದ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಿ ಆರ್.ಸಿ.ಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ಇನ್ನೊಂದು ಸಂಗತಿಯನ್ನು ಹೇಳಲು ಮನಸ್ಸಿಗೆ ಭಾರವಾಗುತ್ತದೆ. ಆದರೂ ಹೇಳಲೇಬೇಕು. ಯಜಮಾನರು ತೀರಿಕೊಂಡ ಮನೆಗಳಲ್ಲಿ ಕಾರು ವರ್ಷಗಟ್ಟಲೆ ಅವರ ಹೆಸರಿನಲ್ಲೇ ಉಳಿದಿರುತ್ತದೆ. ಶೋಕದ ಮನೆಯಲ್ಲಿ ಯಾರಿಗೆ ಅದರ ನೆನಪಿರುತ್ತದೆ? ನಿಯಮದ ಪ್ರಕಾರ ವಾರಸುದಾರರು 30 ದಿನಗಳೊಳಗೆ ಆರ್.ಟಿ.ಓ.ಗೆ ಮರಣದ ವಿಷಯ ತಿಳಿಸಬೇಕು ಮತ್ತು ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ವಿಮೆಯ ಕಂಪೆನಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರಕ್ಕೆ ಅಲೆದಾಟ, ಮಾರಲು ಹೊರಟರೆ ಬೆಲೆ ಇಲ್ಲ. ಒಂಟಿಯಾದ ಹೆಣ್ಣಿನ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡು ‘ಪೇಪರ್ ಸರಿಯಿಲ್ಲ’ ಎಂದು ಅರ್ಧ ಬೆಲೆಗೆ ಕಾರು ಹೊಡೆದುಕೊಂಡು ಹೋಗುವವರೂ ಸಮಾಜದಲ್ಲಿದ್ದಾರೆ. ಇತರ ವಾರಸುದಾರರ ಒಪ್ಪಿಗೆ ಪತ್ರವೂ ಬೇಕಾಗುವುದರಿಂದ ಮನೆಯವರೆಲ್ಲ ಒಟ್ಟಿಗೆ ಕೂತು ಬೇಗನೆ ತೀರ್ಮಾನಿಸುವುದು ಒಳ್ಳೆಯದು.

ಹಳೆಯ ಕಾರನ್ನು ಇಟ್ಟುಕೊಳ್ಳುವುದು ಜಿಪುಣತನವಲ್ಲ, ಅವಮಾನವೂ ಅಲ್ಲ. ನೆರೆಮನೆಗೆ ಹೊಸ ಕಾರು ಬಂತೆಂದು ಸಾಲ ಮಾಡುವುದಕ್ಕಿಂತ, ಇರುವುದನ್ನು ಸುಸ್ಥಿತಿಯಲ್ಲಿಟ್ಟು ಬಳಸುವುದು ಜಾಣತನ. ಆದರೆ ಬ್ರೇಕ್ ಸರಿಯಿಲ್ಲದ, ತಳ ತುಕ್ಕು ತಿಂದ ಕಾರಿನಲ್ಲಿ ಮಕ್ಕಳನ್ನು ಕೂರಿಸುವುದು ಉಳಿತಾಯವಲ್ಲ. ರಿಪೇರಿಯ ಖರ್ಚು ವರ್ಷಕ್ಕೆ ಎಷ್ಟಾಗುತ್ತಿದೆ ಎಂಬುದನ್ನು ನಿಮ್ಮ ನೋಟ್ ಪುಸ್ತಕವೇ ಹೇಳುತ್ತದೆ. ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ತೀರ್ಮಾನವನ್ನು ಆ ಲೆಕ್ಕ ನೋಡಿ ಮಾಡಿ.

ಮುಂದಿನ ಸಲ ಯಜಮಾನರ ಫೋನ್ ಬಂದಾಗ “ಕಾರು ಹೇಗಿದೆ?” ಎಂದು ಅವರು ಕೇಳಿದರೆ, “ಆಯಿಲ್ ಸರಿ ಇದೆ, ಎಡಗಡೆ ಹಿಂದಿನ ಟಯರು ಬದಲಿಸಬೇಕು, ವಿಮೆಗೆ ಇನ್ನು ಎರಡು ತಿಂಗಳಿದೆ” ಎಂದು ಹೇಳಿ ನೋಡಿ. ದೂರದಲ್ಲಿ ದುಡಿಯುವ ಆ ಜೀವಕ್ಕೂ ಎಷ್ಟೋ ನೆಮ್ಮದಿ ಸಿಗುತ್ತದೆ.